ಜಾವಾ ಸ್ಟ್ರಿಂಗ್‌ನಲ್ಲಿ ಅಕ್ಷರ ಹೊಂದದಿದ್ದರೆ, ಪದ ಸಿಗದಿದ್ದರೆ: ದೋಷ ನಿವಾರಣೆ ಕೈಪಿಡಿ

ಶಿರಸಿಯ ಅಡಿಕೆ ವಹಿವಾಟಿನ ಲೆಕ್ಕವಾಗಲಿ, ಕಾರವಾರ ಬಂದರಿನ ಮೀನು ಸಾಗಾಟದ ಪಟ್ಟಿಯಾಗಲಿ, ಕುಮಟೆಯ ವಿದ್ಯಾರ್ಥಿಯೊಬ್ಬರು ಪ್ರಾಜೆಕ್ಟಿಗೆಂದು ಕೂಡಿಸಿದ ಊರುಗಳ ಹೆಸರಾಗಲಿ, ಕನ್ನಡದ ಮಾಹಿತಿಯನ್ನು ಜಾವಾ ಪ್ರೋಗ್ರಾಮಿಗೆ ಕೊಟ್ಟು ಹುಡುಕಲು ಹೊರಟವರಿಗೆ ಎದುರಾಗುವ ತೊಂದರೆ ಹೆಚ್ಚುಕಡಿಮೆ ಒಂದೇ ಬಗೆಯದು. ಪರದೆಯ ಮೇಲೆ ಕಣ್ಣಿಗೆ ಕಾಣುವ ಪದವನ್ನು ಪ್ರೋಗ್ರಾಮ್ ಇಲ್ಲ ಎನ್ನುತ್ತದೆ. ಇಲ್ಲದ ಕಡೆ ಇದೆ ಎನ್ನುತ್ತದೆ. ಇಂಥ ದೋಷಗಳನ್ನು ಕಾಣಿಸಿಕೊಳ್ಳುವ ಲಕ್ಷಣದ ಮೇಲಿಂದ ಹಿಡಿಯುವ ದಾರಿಯನ್ನು ಇಲ್ಲಿ ವಿವರಿಸಲಾಗಿದೆ. ಮೆಥಡ್‌ಗಳ ಹೆಸರನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಪ್ರೋಗ್ರಾಮಿನಲ್ಲಿ ಅವನ್ನು ಜಾವಾದ ಮೂಲ ಕಾಗುಣಿತದಲ್ಲಿಯೇ ಬರೆಯಬೇಕು.

ಕೈ ಹಾಕುವ ಮುನ್ನ ಎರಡು ಎಚ್ಚರಿಕೆ. ಮೊದಲನೆಯದು, ಪರೀಕ್ಷೆಯನ್ನೆಲ್ಲ ಮಾಹಿತಿಯ ನಕಲು ಪ್ರತಿಯ ಮೇಲೆ ಮಾಡಬೇಕೇ ಹೊರತು ಚಾಲ್ತಿಯಲ್ಲಿರುವ ಖಾತೆಯ ಮೇಲಲ್ಲ. ಸಾವಿರಾರು ಸಾಲುಗಳನ್ನು ಒಟ್ಟಿಗೆ ತಿದ್ದುವ ಪ್ರೋಗ್ರಾಮ್ ಓಡುತ್ತಿರುವಾಗ ವಿದ್ಯುತ್ ಹೋದರೆ, ಮತ್ತು ಘಟ್ಟದ ಮೇಲೆ ಮಳೆಗಾಲದಲ್ಲಿ ಅದು ಹೋಗದೆ ಇರುವುದೇ ವಿಶೇಷ, ಅರ್ಧ ತಿದ್ದಿದ ಫೈಲ್ ಉಳಿಯುತ್ತದೆ. ಆದ್ದರಿಂದ ತಿದ್ದಿದ್ದನ್ನು ಹೊಸ ಫೈಲಿಗೆ ಬರೆದು, ಪೂರ್ತಿಯಾದ ಮೇಲೆ ಹೆಸರು ಬದಲಿಸುವುದು ಕ್ಷೇಮ. ಎರಡನೆಯದು, ತೊಂದರೆ ತೋರಿಸಲೆಂದು ಬೇರೆಯವರಿಗೆ ಸಾಲುಗಳನ್ನು ಕಳಿಸುವಾಗ ಬೆಳೆಗಾರರ ಫೋನ್ ಸಂಖ್ಯೆ, ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆಗಳನ್ನು ತೆಗೆದು ಕಳಿಸಬೇಕು.

ಲಕ್ಷಣ: ಕಂಪೈಲ್ ಆಗುವುದೇ ಇಲ್ಲ

ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆದದ್ದು ಚಾರ್, ಜೋಡಿ ಚಿಹ್ನೆಯೊಳಗೆ ಬರೆದದ್ದು ಸ್ಟ್ರಿಂಗ್. ಚಾರ್ ಎಂದರೆ 16 ಬಿಟ್‌ನ ಒಂದು ಸಂಖ್ಯೆ, 0ಯಿಂದ 65535ರವರೆಗೆ. 'ಕ' ಎಂದು ಬರೆದರೆ ಸರಿ. 'ಕಾ' ಎಂದೋ 'ಕ್' ಎಂದೋ ಬರೆದರೆ ಕಂಪೈಲರ್ ಚಿಹ್ನೆ ಮುಚ್ಚಿಲ್ಲವೆಂದು ದೂರುತ್ತದೆ, ಏಕೆಂದರೆ ಅಲ್ಲಿ ಕ ಒಂದು, ದೀರ್ಘದ ಅಥವಾ ಅರ್ಧಾಕ್ಷರದ ಚಿಹ್ನೆ ಇನ್ನೊಂದು, ಹೀಗೆ ಎರಡು ಚಾರ್‌ಗಳಿವೆ. ಚಿಹ್ನೆ ಮುಚ್ಚಿಯೇ ಇದೆಯಲ್ಲ ಎಂದು ತಲೆ ಕೆಡಿಸಿಕೊಳ್ಳದೆ ಜೋಡಿ ಚಿಹ್ನೆಗೆ ಬದಲಿಸಿ ಸ್ಟ್ರಿಂಗ್ ಆಗಿ ಹೋಲಿಸಬೇಕು.

ಇದರ ಜೊತೆಗೇ ಬರುವ, ಆದರೆ ಕಂಪೈಲರ್ ಹಿಡಿಯದ ದೋಷ ಇನ್ನೊಂದಿದೆ. ಸ್ಟ್ರಿಂಗ್‌ನ ಈಕ್ವಲ್ಸ್ ಮೆಥಡ್‌ಗೆ ಒಂಟಿ ಚಿಹ್ನೆಯ 'ಕ' ಕೊಟ್ಟರೆ ಕಂಪೈಲ್ ಆಗುತ್ತದೆ, ಎರರ್ ಬರುವುದಿಲ್ಲ, ಆದರೆ ಉತ್ತರ ಯಾವಾಗಲೂ ಸುಳ್ಳು. ಸ್ಟ್ರಿಂಗ್ ಎಂದೂ ಕ್ಯಾರೆಕ್ಟರ್ ಆಬ್ಜೆಕ್ಟಿಗೆ ಸಮವಾಗಲಾರದು.

ಲಕ್ಷಣ: ಎರಡೂ ಒಂದೇ ಥರ ಕಾಣುತ್ತವೆ, ಪ್ರೋಗ್ರಾಮ್ ಮಾತ್ರ ಬೇರೆ ಎನ್ನುತ್ತದೆ

ಎಲ್ಲಕ್ಕಿಂತ ಹೆಚ್ಚು ಜನ ತಡವರಿಸುವುದು ಇಲ್ಲಿ. ಕಾರಣಗಳೂ ಹಲವು. ಅಗ್ಗದ ಪರೀಕ್ಷೆಯಿಂದ ಆರಂಭಿಸೋಣ.

ಮೊದಲು ಹೋಲಿಕೆಯ ಸಾಲನ್ನೇ ನೋಡಬೇಕು. ಎರಡು ಚಾರ್‌ಗಳನ್ನು == ಎಂದು ಹೋಲಿಸುವುದು ಸರಿಯಾದ ಕ್ರಮ, ಏಕೆಂದರೆ ಅಲ್ಲಿ ಹೋಲುವುದು ಸಂಖ್ಯೆಗಳು. ಎರಡು ಸ್ಟ್ರಿಂಗ್‌ಗಳನ್ನು ಹಾಗೆ ಹೋಲಿಸಿದರೆ ಜಾವಾ ನೋಡುವುದು ಒಳಗಿನ ಅಕ್ಷರಗಳನ್ನಲ್ಲ, ಎರಡೂ ಒಂದೇ ಆಬ್ಜೆಕ್ಟೇ ಎಂಬುದನ್ನು. ಎರಡು ಚೀಲಗಳಲ್ಲಿ ಒಂದೇ ತೂಕದ, ರಾಶಿ ಎಂಬ ಒಂದೇ ಬಗೆಯ ಅಡಿಕೆ ಇದ್ದ ಮಾತ್ರಕ್ಕೆ ಅವು ಒಂದೇ ಚೀಲ ಆಗುವುದಿಲ್ಲವಷ್ಟೆ. ಪ್ರೋಗ್ರಾಮಿನೊಳಗೇ ಬರೆದ "ರಾಶಿ" ಎಂಬ ಎರಡು ಪದಗಳನ್ನು == ಹಾಕಿ ಹೋಲಿಸಿದರೆ ನಿಜ ಎಂಬ ಉತ್ತರ ಬರುತ್ತದೆ, ಏಕೆಂದರೆ ಹಾಗೆ ನೇರವಾಗಿ ಬರೆದ ಪದಗಳನ್ನು ಜಾವಾ ಒಂದೇ ಕಡೆ ಇಟ್ಟು ಹಂಚಿಕೊಳ್ಳುತ್ತದೆ. ಅದೇ ಪದ ಕೀಬೋರ್ಡಿನಿಂದಲೋ ಫೈಲಿನಿಂದಲೋ ಬಂದಾಗ ಹೊಸ ಆಬ್ಜೆಕ್ಟ್ ಹುಟ್ಟಿರುತ್ತದೆ, ಉತ್ತರ ಸುಳ್ಳಾಗುತ್ತದೆ. ಪಾಠದ ಉದಾಹರಣೆಯಲ್ಲಿ ಸರಿಯಿದ್ದ ಪ್ರೋಗ್ರಾಮ್ ನಿಜವಾದ ಮಾಹಿತಿ ಕೊಟ್ಟೊಡನೆ ಕೈಕೊಡುತ್ತಿದ್ದರೆ ಇದನ್ನೇ ಮೊದಲು ಶಂಕಿಸಬೇಕು. ಪರಿಹಾರ ಈಕ್ವಲ್ಸ್. ಹೋಲಿಸಬೇಕಾದ ವೇರಿಯಬಲ್ (ಇಲ್ಲಿ ತಳಿ) ಖಾಲಿ, ಅಂದರೆ ನಲ್, ಆಗಿರುವ ಸಂಭವವಿದ್ದರೆ "ರಾಶಿ".ಈಕ್ವಲ್ಸ್(ತಳಿ) ಎಂದು ಗೊತ್ತಿರುವ ಪದವನ್ನು ಎಡಕ್ಕಿಟ್ಟು ಬರೆದರೆ ನಲ್ ಪಾಯಿಂಟರ್ ಎರರ್ ತಪ್ಪುತ್ತದೆ.

ಈಕ್ವಲ್ಸ್ ಬರೆದ ಮೇಲೂ ಹೊಂದದಿದ್ದರೆ ಪದದ ಉದ್ದವನ್ನು ಲೆಂತ್ ಮೆಥಡ್‌ನಿಂದ ಮುದ್ರಿಸಿ ನೋಡಬೇಕು. "ರಾಶಿ" ಎಂಬುದರಲ್ಲಿ ರ, ದೀರ್ಘ, ಶ, ಗುಡಿಸು ಸೇರಿ 4 ಚಾರ್‌ಗಳು. 5 ಬಂದರೆ ಹೆಚ್ಚಿನದೊಂದು ಎಲ್ಲೋ ಅಂಟಿಕೊಂಡಿದೆ. ಬಹಳ ಸಲ ಅದು ಕೊನೆಯ ಖಾಲಿ ಜಾಗ. ಟ್ರಿಮ್ ಮೆಥಡ್ ಅದನ್ನು ತೆಗೆಯುತ್ತದೆ. ಟ್ರಿಮ್ ಹಾಕಿದರೂ ಏನೂ ಬದಲಾಗಲಿಲ್ಲವೆಂದರೆ, ಅದರ ಫಲಿತಾಂಶವನ್ನು ಹಿಡಿದಿಟ್ಟಿದ್ದೀರಾ ಎಂದು ನೋಡಿಕೊಳ್ಳಿ. ಜಾವಾದ ಸ್ಟ್ರಿಂಗ್ ಎಂದೂ ತಾನೇ ಬದಲಾಗದು. ಟ್ರಿಮ್, ರಿಪ್ಲೇಸ್, ಟುಲೋವರ್‌ಕೇಸ್ ಮೊದಲಾದವು ಹೊಸ ಸ್ಟ್ರಿಂಗನ್ನು ಹಿಂದಿರುಗಿಸುತ್ತವೆ. ತಳಿ.ಟ್ರಿಮ್() ಎಂದಷ್ಟೇ ಬರೆದು ಬಿಟ್ಟರೆ ಕೆಲಸವೆಲ್ಲ ಗಾಳಿಗೆ ಹೋಯಿತು; ತಳಿ = ತಳಿ.ಟ್ರಿಮ್() ಎಂದು ಬರೆಯಬೇಕು.

ಉದ್ದ ಹೆಚ್ಚುವ ಬದಲು ಕಡಿಮೆಯಾಗಿದ್ದರೆ ಓದುವ ವಿಧಾನದಲ್ಲಿ ತೊಂದರೆಯಿದೆ. ಮಾಹಿತಿ ಓದುವ ಸ್ಕ್ಯಾನರ್‌ನ ನೆಕ್ಸ್ಟ್ ಮೆಥಡ್ ಖಾಲಿ ಜಾಗ ಬಂದಲ್ಲಿಗೆ ನಿಲ್ಲುವುದರಿಂದ "ಕೆಂಪು ಗೋಟು" ಎಂದು ಬರೆದವರಿಗೆ "ಕೆಂಪು" ಮಾತ್ರ ದಕ್ಕುತ್ತದೆ. ನೆಕ್ಸ್ಟ್‌ಇಂಟ್ ಆದೊಡನೆ ನೆಕ್ಸ್ಟ್‌ಲೈನ್ ಕರೆದರೆ ಉಳಿದಿದ್ದ ಸಾಲಿನ ಕೊನೆಯನ್ನು ನುಂಗಿ ಖಾಲಿ ಸ್ಟ್ರಿಂಗ್ ಬರುತ್ತದೆ. ನಡುವೆ ಇನ್ನೊಂದು ನೆಕ್ಸ್ಟ್‌ಲೈನ್ ಕರೆದರೆ ಸರಿಹೋಗುತ್ತದೆ.

ಇಷ್ಟಕ್ಕೂ ಬಗ್ಗದ ದೋಷಕ್ಕೆ ಊಹೆ ಸಾಲದು, ಸಂಖ್ಯೆಗಳನ್ನೇ ನೋಡಬೇಕು. ಈ ಕೈಪಿಡಿಯಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ:

ಫಾರ್ (ಇಂಟ್ ಸ್ಥಾನ = 0; ಸ್ಥಾನ < ಪದ.ಲೆಂತ್(); ಸ್ಥಾನ++)
    ಸಿಸ್ಟಮ್.ಔಟ್.ಪ್ರಿಂಟ್((ಇಂಟ್) ಪದ.ಚಾರ್‌ಆಟ್(ಸ್ಥಾನ) + " ");

ಹೊಂದಬೇಕಾದ ಎರಡೂ ಪದಗಳನ್ನು ಹೀಗೆ ಮುದ್ರಿಸಿ ಒಂದರ ಕೆಳಗೊಂದಿಟ್ಟು ಓದಬೇಕು. ಯೂನಿಕೋಡ್‌ನಲ್ಲಿ (ಲಿಪಿಗಳ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಪಟ್ಟಿ) ಕನ್ನಡಕ್ಕೆ ಮೀಸಲಾದದ್ದು 3200ರಿಂದ 3327ರವರೆಗಿನ ಸಾಲು. "ರಾಶಿ" ಎಂಬುದು 3248 3262 3254 3263 ಎಂದು ಬರುತ್ತದೆ. ಇದರಲ್ಲಿ ಬೇರೆ ಸಂಖ್ಯೆ ಕಂಡರೆ ಅದೇ ದೋಷದ ಗುರುತು. ಸಾಮಾನ್ಯವಾಗಿ ಸಿಗುವವು ಇವು.

ಪದದ ಬಾಲದಲ್ಲಿ 160 ಇದ್ದರೆ ಅದು ಮುರಿಯದ ಖಾಲಿ ಜಾಗ. ವೆಬ್ ಪುಟದಿಂದಲೋ ವರ್ಡ್ ಕಡತದಿಂದಲೋ ನಕಲು ಮಾಡಿದ ಪಠ್ಯದಲ್ಲಿ ಬರುತ್ತದೆ. ಟ್ರಿಮ್ 32 ಮತ್ತು ಅದಕ್ಕಿಂತ ಕೆಳಗಿನ ಸಂಖ್ಯೆಗಳನ್ನಷ್ಟೇ ತೆಗೆಯುವುದರಿಂದ ಇದಕ್ಕೆ ತಾಗುವುದಿಲ್ಲ. ಜಾವಾ 11ರಲ್ಲಿ ಬಂದ ಸ್ಟ್ರಿಪ್ ಕೂಡ ಇದನ್ನು ಬಿಟ್ಟೇ ಬಿಡುತ್ತದೆ. ರಿಪ್ಲೇಸ್‌ನಿಂದ ಸಾಧಾರಣ ಖಾಲಿ ಜಾಗಕ್ಕೆ ಬದಲಿಸಿ ಆಮೇಲೆ ಟ್ರಿಮ್ ಮಾಡಬೇಕು.

ಫೈಲಿನ ಮೊದಲ ಸಾಲಿನ ಮೊದಲ ಪದ ಮಾತ್ರ ಹೊಂದದೆ ಉಳಿದೆಲ್ಲ ಹೊಂದುತ್ತಿದ್ದರೆ, ಅದರ ತಲೆಯಲ್ಲಿ 65279 ಕುಳಿತಿರುತ್ತದೆ. ಕೆಲವು ತಂತ್ರಾಂಶಗಳು ಯೂಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಕ್ರಮದಲ್ಲಿ, ಉಳಿಸುವಾಗ ಫೈಲಿನ ಆರಂಭದಲ್ಲಿ ಇಡುವ ಗುರುತು ಇದು. ಎಕ್ಸೆಲ್‌ನಿಂದ ಬಂದ ಸಿಎಸ್‌ವಿ ಫೈಲುಗಳಲ್ಲಿ ಬಹಳ. ಜಾವಾ ಅದನ್ನು ತಾನಾಗಿ ತೆಗೆಯುವುದಿಲ್ಲ. ಮೊದಲ ಚಾರ್ 65279 ಆಗಿದ್ದರೆ ಸಬ್‌ಸ್ಟ್ರಿಂಗ್(1) ತೆಗೆದುಕೊಂಡರಾಯಿತು.

ನಡುವೆ 8204 ಅಥವಾ 8205 ಇದ್ದರೆ ಅವು ಕಣ್ಣಿಗೆ ಕಾಣದ ಶೂನ್ಯ ಅಗಲದ ಜೋಡಕಗಳು. ಸಾಫ್ಟ್‌ವೇರ್ ಎಂಬ ಪದದಲ್ಲಿ ವ ಒತ್ತಾಗದಂತೆ ತಡೆಯುವುದು 8204; ರ‍್ಯಾಂಕ್ ಎಂಬಲ್ಲಿ ರಕಾರವನ್ನು ಅರ್ಕಾವೊತ್ತಾಗಿಸದೆ ಪೂರ್ಣ ರೂಪದಲ್ಲಿ ಉಳಿಸುವುದು 8205. ಒಬ್ಬರು ಇದನ್ನು ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಹಾಕದೆ ಬರೆಯುತ್ತಾರೆ. ಹೋಲಿಸುವಾಗ ಎರಡೂ ಕಡೆಯಿಂದ ತೆಗೆದು ಹೋಲಿಸಬೇಕು. ಆದರೆ ಸಂಗ್ರಹದಲ್ಲಿರುವ ಮೂಲದಿಂದ ತೆಗೆಯಬಾರದು, ತೆಗೆದರೆ ಮುದ್ರಣದಲ್ಲಿ ಅಕ್ಷರದ ರೂಪವೇ ಬದಲಾಗುತ್ತದೆ.

ಅಂಕೋಲಾದ ಬದಲು "ಅ೦ಕೋಲಾ" ಎಂದು ಬರೆದವರು ಕಡಿಮೆಯೇನಿಲ್ಲ. ಹಾಗೆ ಬರೆದಾಗ ಎರಡನೆಯ ಸ್ಥಾನದಲ್ಲಿ ಸೊನ್ನೆ ಅಂಕಿ ಇರುತ್ತದೆ, ಅನುಸ್ವಾರವಲ್ಲ. ಅನುಸ್ವಾರ 3202, ಕನ್ನಡದ ಸೊನ್ನೆ 3302. ಸರಿಯಾಗಿ ನೂರರ ಅಂತರ, ಆದರೆ ಹಲವು ಫಾಂಟ್‌ಗಳಲ್ಲಿ ಕಣ್ಣಿಗೆ ಅಂತರವೇ ತಿಳಿಯದು. ಹಿಂದೆ ಮುಂದೆ ಅಕ್ಷರವಿದ್ದು ನಡುವೆ 3302 ಬಂದರೆ ಅದು ಅನುಸ್ವಾರವೇ ಎಂದು ತಿಳಿದು ಬದಲಿಸಬಹುದು. ಪಕ್ಕದಲ್ಲಿ ಅಂಕಿಯಿದ್ದರೆ ಮುಟ್ಟಬಾರದು.

ಇನ್ನು "ಗೋಟು" ಎಂಬ ಪದ. ಓತ್ವದ ಚಿಹ್ನೆಯನ್ನು 3275 ಎಂಬ ಒಂದೇ ಸಂಖ್ಯೆಯಾಗಿ ಬರೆಯಬಹುದು. 3270, 3266, 3285 ಎಂಬ ಮೂರು ತುಂಡುಗಳಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ. ಲೆಂತ್ ಮಾತ್ರ ಒಂದರಲ್ಲಿ 4, ಇನ್ನೊಂದರಲ್ಲಿ 6. ಹಳೆಯ ಪರಿವರ್ತಕಗಳನ್ನು ದಾಟಿ ಬಂದ ಪಠ್ಯದಲ್ಲಿ ಕೀ, ಕೇ, ಕೈ, ಕೊ, ಕೋ ಇರುವ ಪದಗಳು ಮಾತ್ರ ಹೊಂದದೆ, ಕ, ಕಾ, ಕಿ ಇರುವವು ಹೊಂದುತ್ತಿದ್ದರೆ ಕಾರಣ ಇದೇ. ಜಾವಾ 6ರಿಂದಲೂ ಇರುವ ನಾರ್ಮಲೈಜರ್ ಎಂಬ ಕ್ಲಾಸ್‌ನಿಂದ ಎರಡೂ ಕಡೆಯ ಪಠ್ಯವನ್ನು ಎನ್‌ಎಫ್‌ಸಿ (ತುಂಡುಗಳನ್ನು ಒಂದೇ ಸಂಖ್ಯೆಯಾಗಿ ಕೂಡಿಸುವ) ರೂಪಕ್ಕೆ ತಂದು ಹೋಲಿಸಬೇಕು. ಹುಡುಕುವ ಪದವನ್ನೂ ತರಬೇಕು, ಹುಡುಕಿಸಿಕೊಳ್ಳುವ ಪಠ್ಯವನ್ನೂ ತರಬೇಕು. ಒಂದನ್ನು ಮಾತ್ರ ತಂದರೆ ದೋಷ ಪಕ್ಕ ಬದಲಿಸುತ್ತದೆ, ಹೋಗುವುದಿಲ್ಲ.

ದೊಡ್ಡಕ್ಷರ ಸಣ್ಣಕ್ಷರಗಳನ್ನು ಲೆಕ್ಕಿಸದ ಈಕ್ವಲ್ಸ್‌ಇಗ್ನೋರ್‌ಕೇಸ್ ಇಲ್ಲಿ ಯಾವುದಕ್ಕೂ ಪರಿಹಾರವಲ್ಲ. ಕನ್ನಡದಲ್ಲಿ ಆ ಭೇದವೇ ಇಲ್ಲ.

ಲಕ್ಷಣ: ಸಾಲಿನ ಆರಂಭದಲ್ಲಿರುವ ಪದ ಮಾತ್ರ ಸಿಗುವುದಿಲ್ಲ

"ಕಾರವಾರ ಬಂದರು" ಎಂಬ ಸಾಲಿನಲ್ಲಿ ಪದದ ಸ್ಥಾನ ಹೇಳುವ ಇಂಡೆಕ್ಸ್‌ಆಫ್‌ಗೆ "ಬಂದರು" ಕೊಟ್ಟರೆ ಉತ್ತರ 7. "ಕಾರವಾರ" ಕೊಟ್ಟರೆ ಉತ್ತರ 0. ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆ, ಸಿಗದಿದ್ದರೆ ಬರುವುದು -1. ಉತ್ತರ 0ಗಿಂತ ಹೆಚ್ಚೇ ಎಂದು ಪರೀಕ್ಷಿಸಿದ ಪ್ರೋಗ್ರಾಮ್ ಮೊದಲ ಪದವನ್ನು ಇಲ್ಲವೆಂದೇ ತಿಳಿಯುತ್ತದೆ. ಪರೀಕ್ಷೆ >= 0 ಎಂದಿರಬೇಕು.

ಇದರ ಅಣ್ಣತಮ್ಮನಂತೆ ಇನ್ನೊಂದು ತುದಿಯಲ್ಲಿ ಬರುವುದು ಗಡಿ ಮೀರಿದ ಇಂಡೆಕ್ಸ್ ಎಂಬ ಎರರ್. ಕೊನೆಯ ಚಾರ್‌ನ ಸ್ಥಾನ ಲೆಂತ್‌ಗಿಂತ ಒಂದು ಕಡಿಮೆ; ಲೂಪ್‌ನಲ್ಲಿ <= ಬರೆದಿದ್ದರೆ < ಎಂದು ತಿದ್ದಬೇಕು. ಒಂದೇ ಸಾಲಿನಲ್ಲಿ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವ ಪ್ರೋಗ್ರಾಮ್ ಮುಗಿಯದೆ ಓಡುತ್ತಲೇ ಇದ್ದರೆ, ಸಿಕ್ಕ ಸ್ಥಾನದಿಂದಲೇ ಮತ್ತೆ ಹುಡುಕುತ್ತಿದೆ ಎಂದರ್ಥ. ಮುಂದಿನ ಹುಡುಕಾಟವನ್ನು ಸಿಕ್ಕ ಸ್ಥಾನಕ್ಕೆ ಪದದ ಉದ್ದ ಕೂಡಿಸಿದ ಸ್ಥಾನದಿಂದ ಆರಂಭಿಸಬೇಕು.

ಲಕ್ಷಣ: ಕೇಳಿದ್ದು ಒಂದು, ಸಿಗುವುದು ಹತ್ತು

ಹುಡುಕುವ ಪೆಟ್ಟಿಗೆ ಖಾಲಿಯಿದ್ದರೂ ಎಲ್ಲ ಸಾಲುಗಳೂ ಬರುತ್ತಿದ್ದರೆ ಅದು ದೋಷವಲ್ಲ, ಜಾವಾದ ನಿಯಮ: ಖಾಲಿ ಸ್ಟ್ರಿಂಗ್ ಪ್ರತಿಯೊಂದು ಸ್ಟ್ರಿಂಗ್‌ನಲ್ಲಿಯೂ ಇದೆ ಎಂದೇ ಕಂಟೇನ್ಸ್ ಮೆಥಡ್ ಹೇಳುತ್ತದೆ. ಹುಡುಕುವ ಮುನ್ನ ಖಾಲಿಯೇ ಎಂದು ನೋಡಿಕೊಂಡರೆ ಮುಗಿಯಿತು.

ಕಠಿಣವಾದದ್ದು ಇದರ ಆಚೆಗಿದೆ. ಶಿರಸಿಯ ಮಾರುಕಟ್ಟೆಯಲ್ಲಿ ಅಡಿಕೆಯ ಬಗೆಗಳು ರಾಶಿ, ಚಾಲಿ, ಬೆಟ್ಟೆ, ತಟ್ಟಿಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕಾ ಎಂದಿವೆಯಲ್ಲ. ಆ ಪಟ್ಟಿಯಲ್ಲಿ ಕಂಟೇನ್ಸ್‌ನಿಂದ "ಬೆಟ್ಟೆ" ಹುಡುಕಿದರೆ ತಟ್ಟಿಬೆಟ್ಟೆಯೂ ಬರುತ್ತದೆ, ಎರಡರ ತೂಕವೂ ಕೂಡಿಹೋಗಿ ಮೊತ್ತ ತಪ್ಪುತ್ತದೆ. ಮೊತ್ತ ತಪ್ಪಿದ್ದು ಕಾಣುತ್ತದೆ, ಹುಡುಕಾಟ ತಪ್ಪಿದ್ದು ಕಾಣುವುದಿಲ್ಲ. ಅದಕ್ಕಾಗಿಯೇ ಈ ದೋಷವನ್ನು ಕೂಡಿಸುವ ಲೆಕ್ಕದಲ್ಲಿ ಹುಡುಕುತ್ತ ಕುಳಿತವರಿದ್ದಾರೆ. ಕಂಟೇನ್ಸ್ ಮತ್ತು ಇಂಡೆಕ್ಸ್‌ಆಫ್‌ಗಳಿಗೆ ಪದವೆಂಬುದೇ ಗೊತ್ತಿಲ್ಲ. ಅವು ನೋಡುವುದು ಕೊಟ್ಟ ಸಂಖ್ಯೆಗಳು ಅದೇ ಅನುಕ್ರಮದಲ್ಲಿ ಎಲ್ಲಾದರೂ ಬಂದಿವೆಯೇ ಎಂದು ಮಾತ್ರ. ಬಗೆಯ ಹೆಸರು ಪ್ರತ್ಯೇಕ ಅಂಕಣದಲ್ಲಿದ್ದರೆ ಹುಡುಕಲೇಬಾರದು, ಈಕ್ವಲ್ಸ್‌ನಿಂದ ಹೋಲಿಸಬೇಕು.

ಕನ್ನಡದಲ್ಲಿ ಇದು ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. "ಮರ" ಎಂದು ಹುಡುಕಿದರೆ "ಮರಳು" ಸಿಗುವುದು ಹಾಗಿರಲಿ, "ಮರಿ" ಕೂಡ ಸಿಗುತ್ತದೆ! ಮರಿ ಎಂಬುದು ಮ, ರ, ಗುಡಿಸು ಎಂದು ಸಂಗ್ರಹವಾಗಿರುವುದರಿಂದ ಮೊದಲ ಎರಡು ಚಾರ್‌ಗಳು ಮರವೇ. ಓದುವವರಿಗೆ ರಿ ಎಂಬುದು ಒಂದೇ ಅಕ್ಷರ. ಪ್ರೋಗ್ರಾಮಿಗೆ ಅದು ಕಡಿಯಬಹುದಾದ ಎರಡು ತುಂಡು.

ವಾಕ್ಯಗಳೊಳಗೆ ಹುಡುಕುವಾಗ ಇದಕ್ಕೆ ಸರಳವಾದ ಮದ್ದು ಪಕ್ಕದ ಚಾರ್‌ಗಳನ್ನು ನೋಡುವುದು. ಇಂಡೆಕ್ಸ್‌ಆಫ್ ಕೊಟ್ಟ ಸ್ಥಾನದ ಹಿಂದಿನ ಚಾರ್ ಮತ್ತು ಪದ ಮುಗಿದ ಮೇಲಿನ ಚಾರ್, ಎರಡರ ಸಂಖ್ಯೆಯೂ 3200ರಿಂದ 3327ರ ನಡುವೆ ಇಲ್ಲದಿದ್ದರೆ, 8204 ಮತ್ತು 8205 ಕೂಡ ಅಲ್ಲದಿದ್ದರೆ, ಸಿಕ್ಕಿದ್ದು ಪೂರ್ತಿ ಪದ. ಸಾಲಿನ ತುದಿಗಳಲ್ಲಿ ಪಕ್ಕದ ಚಾರ್ ಇರುವುದೇ ಇಲ್ಲವಾದ್ದರಿಂದ ಅದನ್ನು ಮೊದಲೇ ವಿಚಾರಿಸಿಕೊಳ್ಳಬೇಕು, ಇಲ್ಲವಾದರೆ ಗಡಿ ಮೀರಿದ ಎರರ್ ಬರುತ್ತದೆ.

ಆದರೆ ಇಷ್ಟು ಕಟ್ಟುನಿಟ್ಟಾದರೆ "ಶಿರಸಿ" ಎಂದು ಹುಡುಕಿದವರಿಗೆ "ಶಿರಸಿಯಲ್ಲಿ", "ಶಿರಸಿಗೆ" ಇರುವ ಸಾಲುಗಳು ತಪ್ಪಿಹೋಗುತ್ತವೆ. ವಿಭಕ್ತಿಗಳೂ ಬೇಕಾದರೆ ಎಡಗಡೆಯ ಗಡಿಯನ್ನು ಬಿಗಿಯಾಗಿ ಉಳಿಸಿಕೊಂಡು ಬಲಗಡೆಯನ್ನು ಸಡಿಲಿಸಬೇಕು: ಪದದ ನಂತರ ಇನ್ನೊಂದು ವ್ಯಂಜನ ಬಂದರೆ ಒಪ್ಪಬಹುದು, ಆದರೆ 3262ರಿಂದ 3277ರೊಳಗಿನ ಗುಣಿತ ಚಿಹ್ನೆಯೋ ಅರ್ಧಾಕ್ಷರದ ಚಿಹ್ನೆಯೋ ಬಂದರೆ ಅಕ್ಷರ ನಡುವೆ ಕಡಿದಿದೆ ಎಂದು ಬಿಟ್ಟುಬಿಡಬೇಕು. ಅನುಸ್ವಾರ 3202, ವಿಸರ್ಗ 3203 ಬಂದರೂ ಹಾಗೆಯೇ. ಆಗ ಮರಿ ಹೋಗುತ್ತದೆ, ಮರಕ್ಕೆ ಉಳಿಯುತ್ತದೆ. ಮರಳು ಮಾತ್ರ ಇನ್ನೂ ನುಸುಳುತ್ತದೆ, ಅದನ್ನು ನಿಘಂಟಿನ ನೆರವಿಲ್ಲದೆ ತಡೆಯಲಾಗದು. ಉಕಾರಾಂತ ಪದಗಳಲ್ಲಿ ತೊಂದರೆ ತಿರುವುಮುರುವಾಗಿ ಬರುತ್ತದೆ: "ಮೀನು" ಎಂದು ಹುಡುಕಿದರೆ "ಮೀನಿಗೆ", "ಮೀನಿನ" ಸಿಗುವುದಿಲ್ಲ, ಏಕೆಂದರೆ ಕೊನೆಯ ಉಕಾರವೇ ಅಲ್ಲಿ ಬಿದ್ದುಹೋಗಿದೆ. ಅಂಥ ಪದಗಳನ್ನು ಉಕಾರ ತೆಗೆದು, ಅಂದರೆ "ಮೀನ" ಎಂದು, ಬಲಗಡೆಯ ಪರೀಕ್ಷೆಯಿಲ್ಲದೆ ಹುಡುಕಿ, ಸಿಕ್ಕಿದ್ದನ್ನು ಕಣ್ಣಿಂದ ಜರಡಿ ಹಿಡಿಯುವುದೇ ಉಳಿದ ದಾರಿ.

ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದ ಮಾದರಿ ಬರೆದು ಹುಡುಕುವ ವಿಧಾನ) ಬಳಸುವವರಿಗೆ ಇನ್ನೆರಡು ಮಾತು. ಮ್ಯಾಚಸ್ ಇಡೀ ಸ್ಟ್ರಿಂಗ್ ಹೊಂದಬೇಕೆಂದು ಬಯಸುತ್ತದೆ; ಒಳಗೆಲ್ಲೋ ಇರುವುದನ್ನು ಹುಡುಕಲು ಮ್ಯಾಚರ್‌ನ ಫೈಂಡ್ ಬೇಕು. ಪದದ ಗಡಿಯನ್ನು ಸೂಚಿಸುವ ಬ್ಯಾಕ್‌ಸ್ಲಾಶ್ ಬಿ ಜಾವಾ 19ರಿಂದ ತಾನಾಗಿ ಇಂಗ್ಲಿಷ್ ಅಕ್ಷರ, ಅಂಕಿಗಳನ್ನಷ್ಟೇ ಪದದ ಭಾಗವೆಂದು ಎಣಿಸುತ್ತದೆ. ಹೊಸ ಜಾವಾ ಹಾಕಿದ ದಿನದಿಂದ ಕನ್ನಡ ಪದಗಳು ಸಿಗುವುದು ನಿಂತಿದ್ದರೆ ಪ್ಯಾಟರ್ನ್ ಕಂಪೈಲ್ ಮಾಡುವಾಗ ಯೂನಿಕೋಡ್ ಕ್ಯಾರೆಕ್ಟರ್ ಕ್ಲಾಸ್ ಎಂಬ ಫ್ಲ್ಯಾಗ್ ಕೊಡಬೇಕು. ಹಳೆಯ ಆವೃತ್ತಿಗಳಲ್ಲಿಯೂ ಅದನ್ನು ಕೊಡುವುದೇ ಒಳ್ಳೆಯದು. ಸ್ಪ್ಲಿಟ್‌ಗೆ ಚುಕ್ಕಿಯನ್ನೋ ನಿಲುವುಗೆರೆಯನ್ನೋ ಹಾಗೆಯೇ ಕೊಟ್ಟರೆ ಪಠ್ಯ ಮನಬಂದಂತೆ ಒಡೆಯುವುದೂ ಇದೇ ಎಕ್ಸ್‌ಪ್ರೆಶನ್‌ನ ಪ್ರಭಾವ.

ಲಕ್ಷಣ: ಅಕ್ಷರದ ಎಣಿಕೆ ತಪ್ಪುತ್ತದೆ, ತಿರುಗಿಸಿದರೆ ಪದ ಕೆಡುತ್ತದೆ

"ವಿಕಟಕವಿ" ಎರಡೂ ಕಡೆಯಿಂದ ಒಂದೇ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಸ್ಟ್ರಿಂಗ್‌ಬಿಲ್ಡರ್‌ನ ರಿವರ್ಸ್ ಮಾಡಿ ಹೋಲಿಸಿದರೆ ಜಾವಾ ಅದನ್ನು ಒಪ್ಪುವುದಿಲ್ಲ. ತಿರುಗಿಸಿದಾಗ ಕೊನೆಯ ಗುಡಿಸು ತಲೆಗೆ ಬಂದು ವಕಾರ ಅದರ ಹಿಂದೆ ಬೀಳುತ್ತದೆ. ಭಟ್ಕಳ ಎಂಬುದಕ್ಕೆ ಲೆಂತ್ 5 ಎನ್ನುತ್ತದೆ, ಓದುವವರು ಭ, ಟ್ಕ, ಳ ಎಂದು ಮೂರು ಎಣಿಸುತ್ತಾರೆ. ಗೋಕರ್ಣದಲ್ಲಿ ಅರ್ಕಾವೊತ್ತು ಕಣ್ಣಿಗೆ ಣಕಾರದ ನಂತರ ಕಂಡರೂ ಸಂಗ್ರಹದಲ್ಲಿ ರ, ಅರ್ಧಾಕ್ಷರದ ಚಿಹ್ನೆ, ಆಮೇಲೆ ಣ ಎಂಬ ಉಚ್ಚಾರಣೆಯ ಕ್ರಮವಿದೆ. ಕೊನೆಯ ಚಾರ್ ಏನೆಂದು ಚಾರ್‌ಆಟ್‌ಗೆ ಕೇಳಿದರೆ ಣ ಎಂದೇ ಉತ್ತರ.

ಇಂಥ ಕಡೆ ಚಾರ್ ಬಿಟ್ಟು ಅಕ್ಷರಗುಚ್ಛಗಳಾಗಿ ಒಡೆಯಬೇಕು. ಬ್ರೇಕ್‌ಇಟರೇಟರ್ ಆ ಕೆಲಸ ಮಾಡುತ್ತದೆ, ಜಾವಾ 20ರಿಂದ ಯೂನಿಕೋಡ್‌ನ ಗುಚ್ಛದ ನಿಯಮವನ್ನು ಅನುಸರಿಸುತ್ತದೆ. ಆದರೂ ಒತ್ತಕ್ಷರವನ್ನು ಅದು ಟ್, ಕ ಎಂದು ಬಿಡಿಸಬಹುದು. ಒಂದು ಗುಚ್ಛ 3277ರಲ್ಲಿ, ಅಂದರೆ ಅರ್ಧಾಕ್ಷರದ ಚಿಹ್ನೆಯಲ್ಲಿ, ಮುಗಿದರೆ ಮುಂದಿನದನ್ನು ಅದಕ್ಕೆ ಅಂಟಿಸಿಕೊಳ್ಳುವ ಲೂಪ್ ಬರೆದುಕೊಂಡರೆ ಭಟ್ಕಳ ಮೂರಾಗುತ್ತದೆ, ವಿಕಟಕವಿಯೂ ಸರಿಹೋಗುತ್ತಾನೆ.

ಹೆಸರಿನಲ್ಲಿ ಅಕ್ಷರಗಳಷ್ಟೇ ಇರಬೇಕೆಂದು ಪರೀಕ್ಷಿಸುವ ಫಾರ್ಮ್ "ಭರತ"ನನ್ನು ಒಪ್ಪಿ "ಗೀತಾ"ಳನ್ನು ತಿರಸ್ಕರಿಸಿದರೆ ಅದರ ಬುಡವೂ ಇಲ್ಲಿಯೇ. ಗುಣಿತದ ಚಿಹ್ನೆಗಳಿಗೆ ಕ್ಯಾರೆಕ್ಟರ್.ಈಸ್‌ಲೆಟರ್ ಸುಳ್ಳು ಎನ್ನುತ್ತದೆ. ಮೇಲೆ ಹೇಳಿದ ಸಂಖ್ಯೆಯ ವ್ಯಾಪ್ತಿಯನ್ನು ನೋಡುವುದೇ ಇಲ್ಲಿ ಮೇಲು.

ವರ್ಣಮಾಲೆಯ ಕ್ರಮಕ್ಕೆ ಜೋಡಿಸಿದಾಗ ಳಕಾರದ ಪದಗಳು ವಕಾರಕ್ಕಿಂತ ಮೊದಲು ಬಂದರೆ ಗಾಬರಿ ಬೇಡ. ಕಂಪೇರ್‌ಟು ಸಂಖ್ಯೆಯ ಕ್ರಮದಲ್ಲಿ ಜೋಡಿಸುತ್ತದೆ. ಯೂನಿಕೋಡ್‌ನಲ್ಲಿ ಳ ಎಂಬುದು ಲ ಮತ್ತು ವಗಳ ನಡುವೆ ಇದೆ.

ಲಕ್ಷಣ: ಅಂಕಿಗಳು ಹೊಂದುವುದಿಲ್ಲ

ಒಂದು ಕಡೆ 50, ಇನ್ನೊಂದು ಕಡೆ ೫೦ ಇದ್ದರೆ ಈಕ್ವಲ್ಸ್ ಬೇರೆ ಎನ್ನುವುದು ಸಹಜ. ಇಂಟಿಜರ್‌ನ ಪಾರ್ಸ್‌ಇಂಟ್ ಕನ್ನಡದ ಅಂಕಿಗಳನ್ನೂ ಓದಬಲ್ಲದು, ಸಂಖ್ಯೆಯಾಗಿಸಿ ಹೋಲಿಸಿದರೆ ಆಯಿತು. ಡಬಲ್‌ನ ಪಾರ್ಸ್‌ಡಬಲ್ ಮಾತ್ರ ಅವನ್ನು ಒಪ್ಪದೆ ಎರರ್ ಎಸೆಯುತ್ತದೆ, ಕ್ವಿಂಟಲ್ ದರದಲ್ಲಿ ದಶಮಾಂಶವಿರುವವರು ಇದನ್ನು ಗಮನಿಸಬೇಕು. ಚಾರ್‌ನಿಂದ '0' ಕಳೆದು ಅಂಕಿ ಪಡೆಯುವ ಹಳೆಯ ಉಪಾಯ ಇಲ್ಲಿ ನಡೆಯದು: '೫' ಎಂಬುದರಿಂದ '0' ಕಳೆದರೆ ಬರುವುದು 5 ಅಲ್ಲ, 3259. ಗೆಟ್‌ನ್ಯೂಮರಿಕ್‌ವ್ಯಾಲ್ಯೂ ಬಳಸಬೇಕು.

ಲಕ್ಷಣ: ಪ್ರಶ್ನೆ ಚಿಹ್ನೆಗಳು, ಚೌಕಗಳು, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು

ಚೌಕಗಳು ಕಂಡರೆ ನಿಶ್ಚಿಂತರಾಗಿರಿ. ಫಾಂಟ್ ಇಲ್ಲವಷ್ಟೆ, ಮಾಹಿತಿ ಕ್ಷೇಮವಾಗಿದೆ, ಹುಡುಕಾಟವೂ ನಡೆಯುತ್ತದೆ. ಉಳಿದೆರಡರಲ್ಲಿ ಸಂಖ್ಯೆಗಳನ್ನು ಮುದ್ರಿಸಿ ನೋಡದೆ ಮುಂದೆ ಹೋಗಬಾರದು.

"ರಾಶಿ"ಯ ಉದ್ದ 4ರ ಬದಲು 12 ಬಂದು, ಪ್ರತಿ ಮೂರನೆಯ ಸಂಖ್ಯೆ 224 ಎಂದು ಮರುಕಳಿಸುತ್ತಿದ್ದರೆ, ಯೂಟಿಎಫ್-8 ಫೈಲನ್ನು ಬೇರೆ ಎನ್‌ಕೋಡಿಂಗ್ ಎಂದು ತಿಳಿದು ಓದಲಾಗಿದೆ. ಯೂಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್, ಪ್ರತಿಯೊಂದರ ಮೊದಲ ಬೈಟ್ 224. ಜಾವಾ 18ರಿಂದ ಯೂಟಿಎಫ್-8 ತಾನಾಗಿ ಆಯ್ಕೆಯಾಗುತ್ತದೆ. ಅದಕ್ಕಿಂತ ಹಿಂದಿನ ಆವೃತ್ತಿಗಳು ಆಪರೇಟಿಂಗ್ ಸಿಸ್ಟಮ್ ಹೇಳಿದಂತೆ ನಡೆಯುತ್ತಿದ್ದವು, ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ವಿಂಡೋಸ್-1252. ಒಂದೇ ಪ್ರೋಗ್ರಾಮ್ ಕಾಲೇಜಿನ ಲ್ಯಾಬಿನಲ್ಲಿ ಕೆಟ್ಟು ಮನೆಯಲ್ಲಿ ಸರಿಯಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಓದುವಾಗಲೂ ಬರೆಯುವಾಗಲೂ ಎನ್‌ಕೋಡಿಂಗ್‌ನ ಹೆಸರನ್ನು ಸ್ಪಷ್ಟವಾಗಿ ಕೊಡುವುದೇ ಪರಿಹಾರ.

3200ರ ಸಾಲಿನ ಸಂಖ್ಯೆ ಒಂದೂ ಇಲ್ಲದೆ, 224ರ ಮರುಕಳಿಕೆಯೂ ಇಲ್ಲದೆ, ಹೆಚ್ಚಿನವು 256ಕ್ಕಿಂತ ಕೆಳಗಿದ್ದರೆ, ಅದು ಯೂನಿಕೋಡ್ ಬಳಸದ ಹಳೆಯ ನುಡಿ ಅಥವಾ ಬರಹ ಫಾಂಟಿನ ಪಠ್ಯವಾಗಿರಬಹುದು. ವರ್ಡ್‌ನಲ್ಲಿ ತೆರೆದು ಬೇರೆ ಫಾಂಟಿಗೆ ಬದಲಿಸಿದರೆ ಕನ್ನಡ ಮಾಯವಾಗಿ ಇಂಗ್ಲಿಷ್ ಅಕ್ಷರಗಳು ಕಾಣುವುದು ಅದರ ಖಚಿತ ಗುರುತು. ಜಾವಾದಲ್ಲಿ ಇದನ್ನು ತಿದ್ದಲು ಹೋಗಬಾರದು. ಪರಿವರ್ತಕ ತಂತ್ರಾಂಶದಿಂದ ನಕಲನ್ನು ಯೂನಿಕೋಡ್‌ಗೆ ತಂದು, ಒತ್ತಕ್ಷರವಿರುವ ಕೆಲವು ಸಾಲುಗಳನ್ನು ಮೂಲದ ಜೊತೆ ಕಣ್ಣಿಂದ ತಾಳೆನೋಡಿ, ಮೂಲವನ್ನು ಅಳಿಸದೆ ಇಟ್ಟುಕೊಳ್ಳಬೇಕು.

ಸಂಖ್ಯೆಗಳೆಲ್ಲ 63 ಎಂದು ಬಂದರೆ ಅವು ನಿಜವಾದ ಪ್ರಶ್ನೆ ಚಿಹ್ನೆಗಳು. 65533 ಬಂದರೆ ಅರ್ಥವಾಗದ ಬೈಟಿನ ಬದಲಿಗೆ ಇಟ್ಟ ಗುರುತು. ಕನ್ಸೋಲಿನಲ್ಲಿ ಮಾತ್ರ ಪ್ರಶ್ನೆ ಚಿಹ್ನೆ ಕಂಡು, ಸಂಖ್ಯೆಗಳು 3200ರ ಸಾಲಿನಲ್ಲೇ ಇದ್ದರೆ ತೊಂದರೆ ಕನ್ಸೋಲಿನದು, ಮಾಹಿತಿಯದಲ್ಲ. ಆದರೆ ಫೈಲಿನಲ್ಲಿಯೇ ಅಥವಾ ಡೇಟಾಬೇಸಿನಲ್ಲಿಯೇ 63 ಸೇರಿಬಿಟ್ಟಿದ್ದರೆ ಮೂಲ ಅಕ್ಷರ ನಾಶವಾಗಿದೆ, ಯಾವ ಪ್ರೋಗ್ರಾಮೂ ಅದನ್ನು ಮರಳಿ ತಾರದು. ಇಲ್ಲಿ ಕೈ ನಿಲ್ಲಿಸಬೇಕು. ಇನ್ನೊಂದು ಸಾಲು ಸೇರಿಸುವ ಮುನ್ನ ಡೇಟಾಬೇಸ್ ನೋಡಿಕೊಳ್ಳುವವರನ್ನು ಕಂಡು, ಟೇಬಲ್ ಮತ್ತು ಸಂಪರ್ಕ ಎರಡರ ಎನ್‌ಕೋಡಿಂಗನ್ನೂ ಸರಿಪಡಿಸಿಕೊಂಡು, ಹಳೆಯ ಬ್ಯಾಕಪ್ ಹುಡುಕಿಸಬೇಕು.

ಲಕ್ಷಣ: ಎಲ್ಲ ಪರೀಕ್ಷೆ ಮುಗಿದರೂ ಕೆಲವು ಊರುಗಳು ಹೊಂದುವುದಿಲ್ಲ

ಸಂಖ್ಯೆಗಳೆಲ್ಲ ಸರಿಯಿದ್ದು ಹೊಂದದಿದ್ದರೆ ಕಾಗುಣಿತವೇ ಬೇರೆಯಿದೆ. ಶಿರಸಿ, ಶಿರ್ಸಿ, ಸಿರ್ಸಿ; ಕುಮಟಾ, ಕುಮಟ; ಸಿದ್ದಾಪುರ, ಸಿದ್ಧಾಪುರ; ಅಡಿಕೆ, ಅಡಕೆ. ಬರೆದವರ ಮಟ್ಟಿಗೆ ಎಲ್ಲವೂ ಸರಿ. ಎಷ್ಟು ಚಾರ್ ವ್ಯತ್ಯಾಸವಿದೆ ಎಂದು ಎಣಿಸಿ ಹತ್ತಿರದ ಹೆಸರಿಗೆ ತಾನಾಗಿ ಬದಲಿಸುವ ಉಪಾಯ ಇಲ್ಲಿ ಆಕರ್ಷಕವಾಗಿ ಕಾಣುತ್ತದೆ, ಅಷ್ಟೇ ಅಪಾಯಕಾರಿಯೂ ಹೌದು. ಸಿರ್ಸಿಯನ್ನು ಶಿರಸಿ ಮಾಡಲು ಎರಡು ಬದಲಾವಣೆ ಸಾಕು. ಭಟ್ಕಳ ತಾಲ್ಲೂಕಿನ ಶಿರಾಲಿಯನ್ನು ಶಿರಸಿ ಮಾಡಲೂ ಎರಡೇ ಸಾಕು. ಕರಾವಳಿಯ ಊರೊಂದರ ಲೆಕ್ಕವೆಲ್ಲ ಘಟ್ಟದ ಮೇಲಕ್ಕೆ ಹೋಗಿ ಕುಳಿತರೆ ಆಮೇಲೆ ಬೇರ್ಪಡಿಸುವುದು ಕಷ್ಟ.

ಪ್ರತಿ ಊರಿಗೂ ಒಂದು ಸಂಕೇತ ಸಂಖ್ಯೆ ಕೊಟ್ಟು, ಬಳಕೆಯಲ್ಲಿರುವ ಕಾಗುಣಿತಗಳನ್ನೆಲ್ಲ ಹ್ಯಾಶ್‌ಮ್ಯಾಪ್‌ನಲ್ಲಿ ಆ ಸಂಖ್ಯೆಗೆ ಜೋಡಿಸಿ, ಹೋಲಿಕೆಯನ್ನು ಸಂಖ್ಯೆಯ ಮೇಲೆ ಮಾಡುವುದು ಇದಕ್ಕಿರುವ ನಂಬಿಕೆಯ ದಾರಿ. ಮ್ಯಾಪ್‌ನಲ್ಲಿ ಇಲ್ಲದ ಹೆಸರು ಬಂದರೆ ಪ್ರೋಗ್ರಾಮ್ ಊಹಿಸದೆ ಬೇರೆ ಫೈಲಿಗೆ ಬರೆದಿಡಲಿ. ಆ ಫೈಲನ್ನು ಜಿಲ್ಲೆಯ ಹಳ್ಳಿಗಳನ್ನು ಬಲ್ಲವರ ಮುಂದಿಟ್ಟು, ಅವರು ಹೇಳಿದ ಮೇಲೆ ಮ್ಯಾಪ್‌ಗೆ ಸೇರಿಸಬೇಕು.